ಭೂಕಂಪದ ಕೂಸಿನಿಂದ ಆಯಿಗೆ

ಹೋದ ಭಾನುವಾರ ಸಂಜೆ ಶಾಲೆಯ ಅಂಗಳದಲ್ಲಿ ನಮ್ಮೂರ ಸೂಲಗಿತ್ತಿ ಆಯಿಗೆ ಸನ್ಮಾನ ಆಯಿತು. ಕಲಬುರಗಿ ಜಿಲ್ಲೆ, ಆಳಂದ ತಾಲೂಕಿನ ಸಣ್ಣ ಊರು ನಮ್ಮದು. ಇಲ್ಲಿ 30 ದಾಟಿದ ಯಾರನ್ನೇ ಕೇಳಿ, ಜಾಸ್ತಿ ಜನ ಆಯಿಯ ಕೈಯಲ್ಲೇ ಹುಟ್ಟಿದವರು. ಪುಣೆ, ಸೊಲ್ಲಾಪುರಕ್ಕೆ ದುಡಿಯಲು ಹೋದವರೂ ಫೋನ್‌ನಲ್ಲೇ ನೂರು, ಇನ್ನೂರು ಹಾಕಿದರು. ಶಾಮಿಯಾನದ ಹುಡುಗ ಬಾಡಿಗೆ ಮುಟ್ಟಲಿಲ್ಲ. ಅವನೂ ಆಯಿ ಹಿಡಿದ ಕೂಸೇ. ಎಲ್ಲರಿಗೂ ಥ್ಯಾಂಕ್ಸ್. ಉಳಿದ ದುಡ್ಡನ್ನು ಆಯಿಯ ಎಡಗಣ್ಣಿನ ಪೊರೆ ತೆಗೆಸಲು ಇಟ್ಟಿದ್ದೇವೆ.

ಅವತ್ತು ನನಗೂ ಮೈಕ್ ಕೊಟ್ಟರು. ಹಿಡಿದುಕೊಂಡು ಸುಮ್ನೆ ನಿಂತೆ, ಹಾಗೇ ಇಳಿದು ಬಂದೆ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ಆಯಿಗೆ ತನ್ನ ವಯಸ್ಸು ಸರಿಯಾಗಿ ಗೊತ್ತಿಲ್ಲ. "ರಜಾಕಾರರ ಗದ್ದಲದಾಗ ನಾ ಮೊಲಿ ಕುಡಿಯೋ ಕೂಸಂತ" ಅನ್ನುತ್ತಾಳೆ. ಅಂದರೆ ನಿಜಾಮನ ಪರದ ಆ ಪಡೆಯ ಹಾವಳಿ ನಡೆದ 1948ರ ಲೆಕ್ಕ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಹಿಂದೆ ಕಂದೀಲು ಹಿಡಿದು ಓಣಿ ಓಣಿ ತಿರುಗಿದವಳು. ಹಾಗೆಯೇ ಸೂಲಗಿತ್ತಿ ಕೆಲಸ ಕಲಿತಳು. 1972ರ ಬರಗಾಲದ ಹೊತ್ತಿಗೆ ಅತ್ತೆಯ ಕೈ ನಡುಗತೊಡಗಿತ್ತು. ಅಲ್ಲಿಂದ ಮುಂದೆ ಆಯಿ ಒಬ್ಬಳೇ.

ನಾನು ಹುಟ್ಟಿದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಈ ಕಡೆಯವರಿಗೆ ಆ ತಾರೀಖು ಹೇಳಿದರೆ ಸಾಕು. ಹಿಂದಿನ ದಿನ ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇರುವಾಗ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗಡಿಯಾಚೆ ಲಾತೂರ ಕಡೆ ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೇ ಬಿದ್ದವು. ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು. ನಮ್ಮ ಮನೆಯೂ ಅಂಥದ್ದೇ ಕಲ್ಲು ಮಣ್ಣಿನದು. ಅವ್ವನಿಗೆ ಸಂಜೆಯಿಂದಲೇ ಹೆರಿಗೆ ಬ್ಯಾನಿ. ಅಡಕಲಿನ ಗಡಿಗೆಗಳು ಉರುಳಿ ಒಡೆದಾಗ ಗಂಡಸರೆಲ್ಲ ಹೊರಗೆ ಓಡಿದರು. (ನಮ್ಮಪ್ಪನೂ ಓಡಿದ. ಇವತ್ತಿಗೂ ಆ ಮಾತು ಬಂದರೆ ಎದ್ದು ಹೋಗುತ್ತಾನೆ.) ಆಯಿ ಮಾತ್ರ ಒಳಗೇ ಇದ್ದಳು. ಅವ್ವನನ್ನು ಕೌದಿಯ ಮೇಲೆ ಹಾಕಿ, ಅಜ್ಜಿ ಒಂದು ಕಡೆ, ಆಯಿ ಒಂದು ಕಡೆ ಹಿಡಿದು ಅಂಗಳಕ್ಕೆ ಎಳೆದು ತಂದರಂತೆ. ಬೇವಿನ ಮರದ ಕೆಳಗೆ, ಅದೇ ಕೌದಿಯ ಮೇಲೆ ನಾನು ಹುಟ್ಟಿದೆ. ಹೊಕ್ಕುಳಬಳ್ಳಿ ಕೊಯ್ಯಲು ಏನಿದೆ ಅಂತ ಅಜ್ಜಿ ಗಾಬರಿಯಾದಳು. ಆಯಿ ಸೆರಗಿನ ತುದಿಯ ಗಂಟು ಬಿಚ್ಚಿದಳು. ಕಾಗದ ಬಿಚ್ಚದ ಹೊಸ ಬ್ಲೇಡು, ಕುದಿಸಿ ಒಣಗಿಸಿದ ದಾರ. ಮೊದಲೆಲ್ಲ ಕುಡಗೋಲಿನಲ್ಲಿ ಕೊಯ್ಯುತ್ತಿದ್ದ ಕಾಲ ಇತ್ತು. ದಾಯಿಗಳಿಗೆ ಸರ್ಕಾರದವರು ತರಬೇತಿ ಕೊಟ್ಟಾಗ ಕಲಿತದ್ದನ್ನು ಆಯಿ ಒಂದು ದಿನವೂ ಬಿಟ್ಟವಳಲ್ಲ. ಜನ ಕೈಗುಣ ಅನ್ನುತ್ತಾರೆ. ನನಗೆ ಆ ಸೆರಗಿನ ಗಂಟೇ ಜಾಸ್ತಿ ಅನ್ನಿಸುತ್ತದೆ.

ಹೆರಿಗೆಗೆ ಆಯಿ ಇಷ್ಟೇ ಕೊಡಿ ಅಂತ ಕೇಳುತ್ತಿರಲಿಲ್ಲ. ಒಂದು ಸೇರು ಜೋಳ, ಒಂದು ಕುಬಸದ ಖಣ. ಗಂಡು ಹುಟ್ಟಿದರೆ ತುಂಬಿ ಅಳೆಯುವವರು, ಹೆಣ್ಣಾದರೆ ಸೇರನ್ನು ಸ್ವಲ್ಪ ಅಲುಗಿಸಿ ತಗ್ಗಿಸುತ್ತಿದ್ದರು. ಆಗ ಮಾತ್ರ ಆಯಿ ಬಾಯಿ ಬಿಡುವಳು. "ಆಕಿನೂ ಒಂಬತ್ತು ತಿಂಗಳೇ ಇದ್ಲು, ತುಂಬಿ ಕೊಡ್ರಿ."

ಇನ್ನೊಂದು ಮಾತು. ಸನ್ಮಾನ ಪತ್ರದಲ್ಲೇ ಹಾಕೋಣ ಅಂದಿದ್ದೆ, ಒಳ್ಳೆ ದಿನ ಅದೆಲ್ಲ ಯಾಕೆ ಅಂತ ಹಿರಿಯರು ಬೇಡ ಅಂದರು. ಆಯಿ ನಮ್ಮ ಮನೆಗೆ ಬರುತ್ತಿದ್ದುದು ಹಿತ್ತಲ ಬಾಗಿಲಿನಿಂದ. ಬಾಣಂತಿ ಕೋಣೆಯವರೆಗೆ ಬರಬಹುದು, ಅಡುಗೆ ಮನೆಗೆ ಇಲ್ಲ. ಮಾಸು ಹೂಳುವುದು, ರಕ್ತದ ಬಟ್ಟೆ ಒಗೆಯುವುದು ಅವಳ ಪಾಲು. ರೊಟ್ಟಿ ಪಲ್ಯ ಕೊಡುವಾಗ ಮೇಲಿನಿಂದ ಸೆರಗಿಗೆ ಬಿಡುತ್ತಿದ್ದರು. ನಾನೇ ನೋಡಿದ್ದೇನೆ, ತಮ್ಮ ಹುಟ್ಟಿದಾಗ ನನಗೆ ಆರು ವರ್ಷ. ನನ್ನನ್ನು ಎಲ್ಲರಿಗಿಂತ ಮೊದಲು ಮುಟ್ಟಿದ ಕೈ ನಮ್ಮ ನೀರಿನ ಕೊಡ ಮುಟ್ಟುವ ಹಾಗಿರಲಿಲ್ಲ. ನಮ್ಮ ಮನೆ ಒಂದೇ ಅಲ್ಲ, ಊರಲ್ಲಿ ಹಾಗೇ ಇತ್ತು. ಹಾಗಂತ ನಮ್ಮ ಪಾಲಿನ ತಪ್ಪು ಕಡಿಮೆ ಆಗೋದಿಲ್ಲ ಅಲ್ವಾ? ಆಯಿ, ತಪ್ಪಾಯಿತು.

ಕಾಲ ಬದಲಾಯಿತು. ಊರಿಗೊಬ್ಬ ಆಶಾ ಕಾರ್ಯಕರ್ತೆ ಬಂದರು, 2008ರಲ್ಲಿ 108 ಗಾಡಿ ಶುರುವಾಯಿತು, ಆಸ್ಪತ್ರೆಯಲ್ಲಿ ಹೆತ್ತವರಿಗೆ ಮಡಿಲು ಕಿಟ್ ಸಿಗತೊಡಗಿತು. ಆಯಿಯ ಕೆಲಸ ಹೋಯಿತು ಅಂತ ನಾವು ಮರುಗಿದರೆ ಅವಳಿಗೆ ಹಾಗೇನೂ ಅನ್ನಿಸಿರಲಿಲ್ಲ. ಬಹಳ ಹಿಂದೆ ಮಾಸು ಬೀಳದೆ ರಕ್ತ ಹರಿದು, ಆಳಂದಕ್ಕೆ ಹೋಗುವ ದಾರಿಯಲ್ಲಿ ಎತ್ತಿನ ಬಂಡಿಯಲ್ಲೇ ಒಬ್ಬಳು ಹೋಗಿಬಿಟ್ಟಿದ್ದಳು. ಬದುಕಿದವರ ಲೆಕ್ಕ ಆಯಿ ಇಟ್ಟಿಲ್ಲ. ಆ ಹುಡುಗಿಯ ಹೆಸರು ಮಾತ್ರ ಇವತ್ತಿಗೂ ಹೇಳುತ್ತಾಳೆ. "ಈ ಗಾಡಿ ಆವಾಗ ಇರಬೇಕಿತ್ತು" ಅಂತ ಎಷ್ಟು ಸಲ ಅಂದಿದ್ದಾಳೋ.

ನನ್ನ ಮಗಳು ಹುಟ್ಟುವ ಸರದಿ ಬಂದದ್ದು 2016ರಲ್ಲಿ. ಬ್ಯಾನಿ ಶುರುವಾದ ಕೂಡಲೇ ಆಯಿ ಬಂದಳು, ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟಳು. ತಲೆ ಇರಬೇಕಾದ ಕಡೆ ತಲೆ ಸಿಗಲಿಲ್ಲ. "ಕೂಸು ಅಡ್ಡ ಅದ. ಇದು ನನ್ನ ಕೈಲೆ ಆಗೋದಲ್ಲ, 108ಕ್ಕ ಹಚ್ಚರಿ." ಅಷ್ಟೇ ಮಾತು. ಗಾಡಿಯಲ್ಲಿ ಪೂರ್ತಿ ದಾರಿ ನನ್ನ ಕಾಲು ಹಿಡಿದು ಕೂತಿದ್ದಳು. ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ, ದಾಯಿಗಳಿಗೆಲ್ಲ ಒಳಗೆ ಜಾಗ ಇಲ್ಲ ಅಂತ ಗದರಿ ಕಳಿಸಿದರು. ಆಪರೇಷನ್ ಮುಗಿದು ಅವ್ವ ಹೊರಗೆ ಬಂದು ನೋಡಿದರೆ, ಆಯಿ ಶಹಾಬಾದ ಫರ್ಸಿಯ ಮೇಲೆ ನನ್ನ ಚಪ್ಪಲಿ ತೊಡೆಯಲ್ಲಿಟ್ಟುಕೊಂಡು ಕೂತಿದ್ದಳಂತೆ. ಗಂಡೋ ಹೆಣ್ಣೋ ಅಂತ ಕೇಳಲಿಲ್ಲ. "ಅತ್ತದೇನು ಕೂಸು?" ಅಂದಳು.

ಭಾನುವಾರ ಶಾಲು ಹೊದಿಸಿ, ಪೇಟಾ ಸುತ್ತಿ, ಹಣ್ಣಿನ ಬುಟ್ಟಿ ಕೊಟ್ಟೆವು. ಭಾಷಣ ಉದ್ದ ಆಯಿತು, ಆಯಿ ಎರಡು ಸಲ ತೂಕಡಿಸಿದಳು. ನಾನು ಇಳಿಸಲು ಹೋದಾಗ ಕೈ ಹಿಡಿದು ಹತ್ತಿರ ಎಳೆದಳು. ಏನೋ ಆಶೀರ್ವಾದ ಮಾಡುತ್ತಾಳೆ ಅಂದುಕೊಂಡೆ. ಅವಳ ಕಣ್ಣು ಹೆಣ್ಣುಮಕ್ಕಳ ಸಾಲಿನಲ್ಲಿದ್ದ ನನ್ನ ತಮ್ಮನ ಹೆಂಡತಿಯ ಮೇಲಿತ್ತು, ಪೊರೆ ಬಂದ ಆ ಕಣ್ಣು.

"ಆಕಿಗಿ ಎಷ್ಟು ತಿಂಗಳ? ತಾಯಿ ಕಾರ್ಡ್ ಮಾಡಿಸೀರಿಲ್ಲ?"

ಮೂರು ತಿಂಗಳು. ನಾವು ಇನ್ನೂ ಯಾರಿಗೂ ಹೇಳಿರಲೇ ಇಲ್ಲ.