ಘಟ್ಟದ ಗಾಡಿಗೆ ‘ಹೈ ಸ್ಟಾಲ್’ ಬೇಡ, ಗಟ್ಟಿ ಲಾಕಪ್ ಬೇಕು

ಮಾನ್ಯ ಸಂಪಾದಕರೇ,

ಆಟೊಮ್ಯಾಟಿಕ್ ಡೀಸೆಲ್ ಗಾಡಿಗೆ ರೀಮ್ಯಾಪ್ ಮಾಡಿಸಿ (ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ಬಲ ಹೆಚ್ಚಿಸಿ), ದೊಡ್ಡ ಟೈರ್ ಏರಿಸಿ, ಅದರಲ್ಲೇ ದಿನಾ ಕುಮಟಾ–ಶಿರಸಿ ಓಡಾಡುವವರು ನಮ್ಮ ಜಿಲ್ಲೆಯಲ್ಲಿ ಈಗ ಅಪರೂಪವಲ್ಲ. ಗೇರ್‌ಬಾಕ್ಸ್ ನಡುಗಲು ಶುರುವಾದ ಮೇಲೆ ಅವರಿಗೆ ಎಲ್ಲ ಕಡೆಯಿಂದ ಬರುವ ಸಲಹೆ, ‘ಹೈ ಸ್ಟಾಲ್ ಕನ್ವರ್ಟರ್ ಹಾಕ್ಸಿ, ಪಿಕಪ್ ಬರ್ತದೆ’. ಡ್ರ್ಯಾಗ್ ರೇಸಿನ ಈ ಸಲಹೆಯನ್ನು ದೇವಿಮನೆ ಘಟ್ಟಕ್ಕೆ ತಂದರೆ ದುಡ್ಡೂ ಹೋಗುತ್ತದೆ, ಗೇರ್‌ಬಾಕ್ಸೂ ಹೋಗುತ್ತದೆ. ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಬದಲಿಸುವ ಯೋಚನೆ ಇದ್ದವರಿಗಾಗಿ ಈ ಪತ್ರ.

ಮೊದಲು ನಿಮ್ಮ ಗಾಡಿಯಲ್ಲಿ ಕನ್ವರ್ಟರ್ ಇದೆಯೇ ನೋಡಿಕೊಳ್ಳಿ. ಎರಡೇ ಪೆಡಲ್ ಇದ್ದ ಮಾತ್ರಕ್ಕೆ ಇರಬೇಕೆಂದಿಲ್ಲ. ಮ್ಯಾನ್ಯುವಲ್ ಗೇರನ್ನೇ ಯಂತ್ರ ಬದಲಿಸುವ ಎಎಂಟಿಯಲ್ಲಿ ಇರುವುದು ಮಾಮೂಲಿ ಕ್ಲಚ್ಚು, ಡಿಸಿಟಿ (ಡ್ಯುಯಲ್ ಕ್ಲಚ್) ಗೇರ್‌ಬಾಕ್ಸಿನಲ್ಲಿ ಎರಡು ಕ್ಲಚ್ಚು.

ಸ್ಟಾಲ್ ಎಂದರೆ ಗಾಡಿ ಅಲುಗದಂತೆ ಹಿಡಿದು ಪೂರ್ತಿ ಎಕ್ಸಲರೇಟರ್ ಒತ್ತಿದಾಗ ಎಂಜಿನ್ ಏರಿ ನಿಲ್ಲುವ ಆರ್‌ಪಿಎಂ. ಇದು ಕನ್ವರ್ಟರಿನ ಮೇಲೆ ಅಚ್ಚೊತ್ತಿದ ಸಂಖ್ಯೆಯಲ್ಲ. ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಹೆಚ್ಚಿದರೆ ಅದರ ವರ್ಗಮೂಲದ ಲೆಕ್ಕದಲ್ಲಿ ಸ್ಟಾಲ್ ಕೂಡ ಏರುತ್ತದೆ. 300 ನ್ಯೂಟನ್ ಮೀಟರಿನ ಎಂಜಿನ್ 2000ದಲ್ಲಿ ಸ್ಟಾಲ್ ಆಗುತ್ತಿದ್ದರೆ, ರೀಮ್ಯಾಪ್ ಆಗಿ 380ಕ್ಕೆ ಏರಿದ ಮೇಲೆ ಅದೇ ಕನ್ವರ್ಟರ್ ಸುಮಾರು 2250ರಲ್ಲಿ ಸ್ಟಾಲ್ ಆಗುತ್ತದೆ. ಅಂದರೆ ಅಂಗಡಿಯವರು ಮಾರಲು ಹೊರಟ ‘ಸ್ವಲ್ಪ ಹೆಚ್ಚಿನ ಸ್ಟಾಲ್’ ನಿಮಗೆ ರೀಮ್ಯಾಪಿನ ಜೊತೆಗೇ ಪುಕ್ಕಟೆ ಬಂದಿದೆ. ಯಾವ ಎಂಜಿನ್, ಎಷ್ಟು ಟಾರ್ಕ್ ಎಂದು ಕೇಳದೆ ‘ಇದು 2800ರ ಕನ್ವರ್ಟರ್’ ಎನ್ನುವವರ ಬಳಿ ವ್ಯಾಪಾರ ಬೇಡ.

ಇಂದಿನ ಟರ್ಬೊ ಡೀಸೆಲ್‌ಗಳ ಬಲವೆಲ್ಲ 1500ರಿಂದ 2800ರ ಒಳಗೆ. ಅದಕ್ಕೆ 3000ದ ಕನ್ವರ್ಟರ್ ಕೂರಿಸಿದರೆ ಎಂಜಿನ್ ತನ್ನ ಬಲದ ಪಟ್ಟಿ ದಾಟಿ ಕೂಗುತ್ತದೆ, ಗಾಡಿ ನಿಧಾನಕ್ಕೆ ತೆವಳುತ್ತದೆ. ಹೆಚ್ಚಿನ ಸ್ಟಾಲ್ ನಿಜವಾಗಿ ಬೇಕಾಗುವುದು ಕ್ಯಾಮ್‌ಶಾಫ್ಟ್ ಬದಲಿಸಿದ ಪೆಟ್ರೋಲ್ ಎಂಜಿನ್ನಿಗೆ, ಇಲ್ಲವೇ ದೊಡ್ಡ ಟರ್ಬೊ ಹಾಕಿ 2500ರ ಕೆಳಗೆ ಉಸಿರೇ ಇಲ್ಲದಂತಾದ ಎಂಜಿನ್ನಿಗೆ. ಅಲ್ಲಿಯೂ ದಿನಬಳಕೆಗೆ ಕಂಪನಿಯದಕ್ಕಿಂತ 300–500 ಆರ್‌ಪಿಎಂ ಹೆಚ್ಚು ಸಾಕು, ಲಾಕಪ್ (ಆಯಿಲಿನಲ್ಲಿ ಜಾರದಂತೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಕಚ್ಚಿ ಹಿಡಿಸುವ, ಕನ್ವರ್ಟರಿನೊಳಗಿನ ಕ್ಲಚ್ಚು) ಮಾತ್ರ ಇರಲೇಬೇಕು.

ಘಟ್ಟದಲ್ಲಿ ಪೆಟ್ಟು ಕೊಡುವುದು ಶಾಖ. ಎರಡು ಟನ್ನಿನ ಗಾಡಿ 8 ಶೇಕಡಾ ಏರಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರದಲ್ಲಿ ಸುಮಾರು 15 ಕಿಲೋವ್ಯಾಟ್ ಬೇಕು. ಲಾಕಪ್ ಹಿಡಿಯದೆ ಕನ್ವರ್ಟರ್ 80 ಶೇಕಡಾ ದಕ್ಷತೆಯಲ್ಲಿ ಜಾರುತ್ತಿದ್ದರೆ ಹತ್ತಿರಹತ್ತಿರ 4 ಕಿಲೋವ್ಯಾಟ್ ಬಿಸಿ ನೇರ ಗೇರ್ ಆಯಿಲಿಗೆ ಇಳಿಯುತ್ತದೆ. ಸ್ಟಾಲ್ ಹೆಚ್ಚಿಸಿದಷ್ಟೂ ಈ ಜಾರುವಿಕೆ ಹೆಚ್ಚು. ಅರಬೈಲು ಘಟ್ಟದಲ್ಲಿ ಲಾರಿಯ ಹಿಂದೆ ಸಿಕ್ಕಿಬಿದ್ದು ಹತ್ತುವಾಗ ಸ್ಕ್ಯಾನರಿನಲ್ಲಿ ಆಯಿಲ್ ಉಷ್ಣತೆ ನೋಡಿ. 80ರಿಂದ 95 ಡಿಗ್ರಿ ಮಾಮೂಲಿ. 120 ದಾಟಿದರೆ ಆಯಿಲ್ ಬೇಗ ಕೆಡುತ್ತದೆ, ಸೀಲುಗಳು ಬಿರುಸಾಗುತ್ತವೆ.

ಹಾಗಾಗಿ ರೀಮ್ಯಾಪ್ ಗಾಡಿಗೆ ನೋಡಬೇಕಾದದ್ದು ಲಾಕಪ್ ಕ್ಲಚ್ಚಿನ ತಾಕತ್ತು. ಕಂಪನಿಯ ಲಾಕಪ್ ಕಂಪನಿಯ ಟಾರ್ಕಿಗೆ ಲೆಕ್ಕಹಾಕಿ ಮಾಡಿದ್ದು. ಅದರ ಮೇಲೆ ಕಾಲು ಭಾಗ ಹೆಚ್ಚಿಗೆ ಹೇರಿದರೆ ಅದು ಪೂರ್ತಿ ಹಿಡಿಯದೆ ತೇಯುತ್ತದೆ. ಸ್ಟಾಲ್ ಕಂಪನಿಯಷ್ಟೇ ಇಟ್ಟು, ಲಾಕಪ್ಪಿಗೆ ಹೆಚ್ಚು ಪ್ಲೇಟ್ ಅಥವಾ ಉತ್ತಮ ಲೈನಿಂಗ್ ಹಾಕಿದ ರೀಬಿಲ್ಡ್ ಕನ್ವರ್ಟರ್ ಕೇಳಿ. ಇಲ್ಲೊಂದು ಎಚ್ಚರ: ಈಗಿನ ಗೇರ್‌ಬಾಕ್ಸ್‌ಗಳು ಲಾಕಪ್ಪನ್ನು ಕೆಲವೊಮ್ಮೆ ಬೇಕೆಂದೇ ಹತ್ತಿಪ್ಪತ್ತು ಆರ್‌ಪಿಎಂ ಜಾರಿಸುತ್ತಲೇ ಓಡಿಸುತ್ತವೆ. ಗಬಕ್ಕನೆ ಕಚ್ಚುವ ರೇಸಿನ ಲೈನಿಂಗ್ ಅಲ್ಲಿ ಹಾಕಿದರೆ ಹೊಸ ಕನ್ವರ್ಟರೇ ನಡುಗುತ್ತದೆ. ‘ಜಾರುವ ಲಾಕಪ್ಪಿಗೆ ಹೊಂದುವ ಲೈನಿಂಗ್’ ಎಂದು ಸ್ಪಷ್ಟವಾಗಿ ಹೇಳಿ ಮಾಡಿಸಬೇಕು.

ಇನ್ನು ರೀಮ್ಯಾಪಿನ ಒಂದು ಗುಟ್ಟು. ಗೇರ್‌ಬಾಕ್ಸಿನ ಕಂಪ್ಯೂಟರ್ ಕ್ಲಚ್ಚಿಗೆ ಎಷ್ಟು ಒತ್ತಡ ಕೊಡಬೇಕೆಂದು ನಿರ್ಧರಿಸುವುದು ಎಂಜಿನ್ ಕಂಪ್ಯೂಟರ್ ಹೇಳಿದ ಟಾರ್ಕನ್ನು ನಂಬಿ. ಅಗ್ಗದ ರೀಮ್ಯಾಪಿನಲ್ಲಿ ಎಂಜಿನ್ 380 ಕೊಡುತ್ತಿದ್ದರೂ ‘300’ ಎಂದೇ ಸುಳ್ಳು ವರದಿ ಹೋಗುತ್ತಿರುತ್ತದೆ. ಒತ್ತಡವೂ 300ಕ್ಕೆ ತಕ್ಕಷ್ಟೇ ಬರುತ್ತದೆ. ಎಂತಹ ಗಟ್ಟಿ ಲಾಕಪ್ ಹಾಕಿದರೂ ಅದು ಜಾರುವುದು ತಪ್ಪದು. ಎರಡೂ ಕಂಪ್ಯೂಟರುಗಳನ್ನು ಹೊಂದಿಸಿ ಕೊಡುವವರಲ್ಲೇ ರೀಮ್ಯಾಪ್ ಮಾಡಿಸಿ. ಇಲ್ಲವಾದರೆ ಕಂಪನಿಯ ಮ್ಯಾಪಿಗೆ ಮರಳುವುದೇ ಎಲ್ಲಕ್ಕಿಂತ ಅಗ್ಗದ ರಿಪೇರಿ.

ಟೈರೂ ಲೆಕ್ಕಕ್ಕೆ ಬರುತ್ತದೆ. 265/65 ಆರ್17ರ ಎತ್ತರ 776 ಮಿ.ಮೀ., 285/70 ಆರ್17ರದ್ದು 831. ಇದರಿಂದ ಗೇರಿಂಗ್ 7 ಶೇಕಡಾ ಉದ್ದವಾಗುತ್ತದೆ (ಎಂಜಿನ್ನಿನ ಒಂದು ಸುತ್ತಿಗೆ ಗಾಡಿ ಅಷ್ಟು ಹೆಚ್ಚು ದೂರ ಹೋಗಬೇಕಾಗುತ್ತದೆ), ಘಟ್ಟದಲ್ಲಿ ಕನ್ವರ್ಟರಿನ ಮೇಲೆ ಅಷ್ಟೇ ಹೆಚ್ಚಿನ ಹೊರೆ ಬೀಳುತ್ತದೆ. ಕನ್ವರ್ಟರ್ ಮಾಡಿಸುವಾಗ ಗಾಡಿಯ ತೂಕ, ಟೈರ್ ಅಳತೆ, ಫೈನಲ್ ಡ್ರೈವ್ ಅನುಪಾತ, ಗೇರ್‌ಬಾಕ್ಸಿನ ಕೋಡ್, ಡೈನೊ ಹಾಳೆ (ಎಂಜಿನ್ನಿನ ಬಲ ಅಳೆದ ವರದಿ) ಈ ಐದನ್ನೂ ಕೊಡಿ.

ಬದಲಿಸುವ ಮೊದಲು ತೊಂದರೆ ಕನ್ವರ್ಟರಿನದ್ದೇ ಹೌದೇ ಎಂದು ಖಚಿತಪಡಿಸಿಕೊಳ್ಳುವುದು ಸುಲಭ. ಅಂಕೋಲಾ–ಕಾರವಾರದ ಚತುಷ್ಪಥದಲ್ಲಿ, ಹಿಂದೆ ಮುಂದೆ ಗಾಡಿ ಇಲ್ಲದಾಗ, 60–80ರ ವೇಗದಲ್ಲಿ ಎಕ್ಸಲರೇಟರ್ ಹಗುರಾಗಿ ಹಿಡಿದಿರಿ. ನಡುಕ ಬಂದಾಗ ಎಡಗಾಲಿನಿಂದ ಬ್ರೇಕ್ ಲೈಟ್ ಹತ್ತುವಷ್ಟೇ ಪೆಡಲ್ ಮುಟ್ಟಿ. ಲಾಕಪ್ ಬಿಟ್ಟುಕೊಳ್ಳುತ್ತದೆ. ನಡುಕ ತಕ್ಷಣ ನಿಂತರೆ ದೋಷ ಲಾಕಪ್ಪಿನದು; ನಿಲ್ಲದಿದ್ದರೆ ಇಂಜೆಕ್ಟರ್, ಮೌಂಟಿಂಗ್, ಡ್ರೈವ್‌ಶಾಫ್ಟ್ ನೋಡಿಸಿ. ಹೊರಡುವಾಗ ಮಂದ, ವೇಗ ಹಿಡಿದ ಮೇಲೆ ಸರಿ ಎಂದಾದರೆ ಕನ್ವರ್ಟರಿನೊಳಗೆ ಆಯಿಲಿನ ದಿಕ್ಕು ತಿರುಗಿಸುವ ಸ್ಟೇಟರಿನ ಒನ್‌ವೇ ಕ್ಲಚ್ ಜಾರುತ್ತಿದೆ. ಹೊರಡುವಾಗ ಸರಿಯಿದ್ದು ಮೇಲಿನ ವೇಗದಲ್ಲಿ ಉಸಿರುಗಟ್ಟಿ ಬಿಸಿಯಾದರೆ ಅದೇ ಕ್ಲಚ್ ಹಿಡಿದುಕೊಂಡಿದೆ. ಸ್ಟಾಲ್ ಟೆಸ್ಟ್ ಮಾಡುವುದಿದ್ದರೆ ಚಕ್ರಕ್ಕೆ ಕಲ್ಲು, ಹ್ಯಾಂಡ್‌ಬ್ರೇಕ್, ಕಾಲಬ್ರೇಕ್ ಮೂರೂ ಬೇಕು. ಗರಿಷ್ಠ ಐದು ಸೆಕೆಂಡ್, ಆಮೇಲೆ ನ್ಯೂಟ್ರಲ್ಲಿನಲ್ಲಿ ಒಂದೆರಡು ನಿಮಿಷ ತಣಿಯಲು ಬಿಡಿ. ಹೊಸ ಗಾಡಿಗಳು ನಿಂತಲ್ಲೇ ಆರ್‌ಪಿಎಂ ಏರದಂತೆ ತಡೆಯುವುದರಿಂದ ಅಲ್ಲಿ ಈ ಟೆಸ್ಟನ್ನು ನೆಚ್ಚಿಕೊಳ್ಳುವಂತಿಲ್ಲ.

ಸಣ್ಣ ನಡುಕಕ್ಕೆ ಮೊದಲು ಆಯಿಲ್ ಬದಲಿಸಿ ನೋಡಿ. ಡ್ರೇನ್ ಬೋಲ್ಟ್ ಬಿಚ್ಚಿದರೆ ಬರುವುದು ಅರ್ಧಕ್ಕಿಂತ ಕಡಿಮೆ, ಉಳಿದದ್ದು ಕನ್ವರ್ಟರಿನಲ್ಲೂ ಕೂಲರಿನಲ್ಲೂ ನಿಂತಿರುತ್ತದೆ. ಸಲಕ್ಕೆ 40 ಶೇಕಡಾ ಎಂದಿಟ್ಟುಕೊಂಡರೂ, ನಡುವೆ ಗಾಡಿ ಓಡಿಸಿ ಮೂರು ಸಲ ಬದಲಿಸಿದರೆ 78 ಶೇಕಡಾ ಹೊಸದಾಗುತ್ತದೆ. ಗ್ರೇಡ್ ಪುಸ್ತಕದಲ್ಲಿ ಹೇಳಿದ್ದೇ ಆಗಿರಬೇಕು. ‘ಲೈಫ್‌ಟೈಮ್ ಆಯಿಲ್’ ಎಂಬ ಮಾತನ್ನು ಘಟ್ಟ ಹತ್ತುವವರು ನಂಬಬೇಡಿ. 40–60 ಸಾವಿರ ಕಿ.ಮೀ.ಗೆ ಬದಲಿಸಿ.

ಹೊರಗಿನ ಕೂಲರ್ ಹಾಕಿಸುವುದಾದರೆ ಪ್ಲೇಟ್ ಮಾದರಿಯದ್ದು ಒಳ್ಳೆಯದು. ಬಿಸಿ ಆಯಿಲ್ ಮೊದಲು ರೇಡಿಯೇಟರಿಗೆ, ಅಲ್ಲಿಂದ ಹೊರಗಿನ ಕೂಲರಿಗೆ, ಆಮೇಲೆ ಗೇರ್‌ಬಾಕ್ಸಿಗೆ ಬರಬೇಕು. ಪೆಟ್ರೋಲ್ ಪೈಪ್ ತುಂಡು ಜೋಡಿಸಬಾರದು, ಗೇರ್ ಆಯಿಲಿನ ಬಿಸಿಗೆ ಅದು ಬಿರಿಯುತ್ತದೆ. ಕರಾವಳಿಯ ಉಪ್ಪುಗಾಳಿ ಅಲ್ಯೂಮಿನಿಯಂ ಫಿನ್ನುಗಳನ್ನು ತಿನ್ನುತ್ತದೆ, ಶಿರಸಿ–ಯಲ್ಲಾಪುರದ ಕೆಂಪು ಮಣ್ಣು ಮಳೆಗಾಲದಲ್ಲಿ ಕೂಲರಿಗೂ ಎ.ಸಿ. ಕಂಡೆನ್ಸರಿಗೂ ನಡುವೆ ಮೆತ್ತಿಕೊಳ್ಳುತ್ತದೆ. ಹಿಂದಿನಿಂದ ಮುಂದಕ್ಕೆ, ಕಡಿಮೆ ಒತ್ತಡದ ಸಿಹಿನೀರಿನಲ್ಲಿ ತೊಳೆಯಿರಿ. ಹಳೆಯ ರೇಡಿಯೇಟರ್ ಒಳಗೇ ತೂತಾದರೆ ಕೂಲೆಂಟ್ ಗೇರ್ ಆಯಿಲಿಗೆ ಸೇರಿ ಅದು ಸೋಲಕಡಿಯ ನಸುಗೆಂಪು ಬಣ್ಣಕ್ಕೆ ತಿರುಗುತ್ತದೆ. ಆಗ ಗಾಡಿಯನ್ನು ಅಲ್ಲೇ ನಿಲ್ಲಿಸಿ ಟೋ ಮಾಡಿಸಿ. ನೀರು ತಗುಲಿದರೆ ಲಾಕಪ್ ಲೈನಿಂಗಿನ ಅಂಟು ಬಿಡುತ್ತದೆ. ತುಂಬಿದ ಹಳ್ಳ ದಾಟಿದ ಗಾಡಿಗೆ ಬ್ರೀದರ್ (ಗೇರ್‌ಬಾಕ್ಸಿನ ಗಾಳಿಕಿಂಡಿ) ಮೂಲಕವೂ ಇದೇ ಗತಿ ಬರಬಹುದು.

ಕೂರಿಸುವಾಗ ಗ್ಯಾರೇಜಿನವರ ಪಕ್ಕ ನಿಂತು ನೋಡಬೇಕಾದ ಹಂತ ಒಂದಿದೆ. ಕನ್ವರ್ಟರಿಗೆ ಸುಮಾರು ಒಂದು ಲೀಟರ್ ಆಯಿಲ್ ಹೊಯ್ದು, ತಿರುಗಿಸುತ್ತ ಒಳಗೆ ತಳ್ಳಿದಾಗ ಅದು ಒಂದಾದ ಮೇಲೊಂದು ಹಲ್ಲಿಗೆ ಕೂತು ‘ಟಕ್’ ಎಂದು ಒಳಸರಿಯುತ್ತದೆ. ಒಮ್ಮೆ ಸರಿದರೆ ಮುಗಿಯಿತೆಂದು ಬಿಡಬಾರದು, ಕೊನೆಯದು ಪಂಪಿನದು. ಗೇರ್‌ಬಾಕ್ಸ್ ಎಂಜಿನ್ನಿಗೆ ಮುಟ್ಟಿಸಿದ ಮೇಲೆ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಎಂಜಿನ್ನಿನ ಕಡೆಯ ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ಸಾಮಾನ್ಯವಾಗಿ 3–5 ಮಿ.ಮೀ. ಸಂದು ಇರಬೇಕು. ಸಂದು ಇಲ್ಲದೆ, ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವ ಬೆಲ್‌ಹೌಸಿಂಗ್ ಬೋಲ್ಟ್ ಬಿಗಿದು ಎಳೆದರೆ ಪಂಪ್ ಒಡೆಯುತ್ತದೆ, ಸ್ಟಾರ್ಟ್ ಮಾಡಿದ ಮೊದಲ ದಿನವೇ. ಹಳೆಯ ಕನ್ವರ್ಟರಿನ ಲೋಹದ ಪುಡಿ ಕೂಲರಿನಲ್ಲಿ ಉಳಿದಿರುತ್ತದೆ; ಕೂಲರ್ ಬದಲಿಸಿ, ಪೈಪ್ ತೊಳೆಸಿ. ಆಯಿಲ್ ಮಟ್ಟವನ್ನು ಕಂಪನಿ ಹೇಳಿದ ಉಷ್ಣತೆಯಲ್ಲೇ ಅಳೆಯಬೇಕು. ಸ್ಕ್ಯಾನರಿನಲ್ಲಿ ಹಳೆಯ ಅಡಾಪ್ಟೇಶನ್ ಅಳಿಸದಿದ್ದರೆ ಸವೆದ ಕನ್ವರ್ಟರಿಗೆ ಕಲಿತ ಒತ್ತಡವೇ ಹೊಸದಕ್ಕೂ ಹೋಗುತ್ತದೆ. ಮೊದಲ ಸಾವಿರ ಕಿ.ಮೀ. ಆದ ಮೇಲೆ ಆಯಿಲ್ ಇನ್ನೊಮ್ಮೆ ಇಳಿಸಿ, ಪ್ಯಾನಿನ ಅಯಸ್ಕಾಂತಕ್ಕೆ ಅಂಟಿದ್ದನ್ನು ನೋಡಿ. ನುಣ್ಣನೆಯ ಬೂದು ಕೆಸರು ಇದ್ದರೆ ಚಿಂತೆಯಿಲ್ಲ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗಾಡಿಯನ್ನು ಮತ್ತೆ ಘಟ್ಟಕ್ಕೆ ಒಯ್ಯದೆ ಬಿಚ್ಚಿಸಿ.

– ಗೇರ್‌ಬಾಕ್ಸ್ ಮೆಕ್ಯಾನಿಕ್, ಕುಮಟಾ