ಹಳೆಯ ಕಾಲದ ಪ್ರೇಮಕಥೆಗೆ ಹೊಡೆದಾಟದ ಟ್ರೇಲರ್ ಏಕೆ?

ಮಾನ್ಯ ಸಂಪಾದಕರೇ,

ಯಾವುದೇ ಚಿತ್ರದ ಟ್ರೇಲರ್ ಬಂದಾಗ ಸಿನಿಮಾ ಪುಟದಲ್ಲಿ ಸಾಮಾನ್ಯವಾಗಿ ಓದಲು ಸಿಗುವುದು ಒಂದೇ ಸುದ್ದಿ: ಇಷ್ಟು ಗಂಟೆಯಲ್ಲಿ ಇಷ್ಟು ಲಕ್ಷ ವೀಕ್ಷಣೆ. ಅದನ್ನು ಹೇಗೆ ಕಟ್ಟಿದ್ದಾರೆ, ನೋಡುವವರನ್ನು ಎಲ್ಲಿ ಹಿಡಿದು ನಿಲ್ಲಿಸಿದೆ, ಎಲ್ಲಿ ಕೈಬಿಟ್ಟಿದೆ ಎಂಬ ಚರ್ಚೆಯೇ ಇಲ್ಲ. ಹಿಂದಿನ ಕಾಲದಲ್ಲಿ ನಡೆಯುವ ಪ್ರೇಮಕಥೆಗಳಿಗೆ ಇದರಿಂದ ಹೆಚ್ಚು ನಷ್ಟವಾಗಿದೆ. ಅವುಗಳ ಟ್ರೇಲರನ್ನೂ ಈಗ ಹೊಡೆದಾಟದ ಚಿತ್ರದ ಅಚ್ಚಿನಲ್ಲೇ ತೆಗೆಯುತ್ತಿದ್ದಾರೆ. ಮೊದಲಿಗೆ ಗಡಸು ದನಿಯ ಪೀಠಿಕೆ, ನಡುವೆ ಎದೆ ನಡುಗಿಸುವ ಬೇಸ್ ಸದ್ದು, ಕೊನೆಗೆ ಯಾರ ಮುಖವೂ ನೆನಪಿನಲ್ಲಿ ಉಳಿಯದಷ್ಟು ಬಿರುಸಾಗಿ ಶಾಟ್‌ನಿಂದ ಶಾಟ್‌ಗೆ ಹಾರುವ ಕಟ್‌ಗಳು. ಎಡಿಟಿಂಗ್ ಟೇಬಲ್ ಮುಂದೆ ಕೂರುವ ನಮಗೆ ಇದು ತಪ್ಪು ದಾರಿ ಎನಿಸುತ್ತದೆ. ಏಕೆಂದು ಹೇಳುತ್ತೇವೆ.

ಕಥೆ ಚರಿತ್ರೆಯ ದೊಡ್ಡ ಘಟನೆಯೊಂದರ ನಡುವೆ ನಡೆಯುವುದಾದರೆ ಅಂತ್ಯದ ಅರ್ಧ ಭಾಗ ನೋಡುಗರಿಗೆ ಮೊದಲೇ ಗೊತ್ತಿರುತ್ತದೆ. ಟೈಟಾನಿಕ್ ಹಡಗು 1912ರ ಏಪ್ರಿಲ್‌ನಲ್ಲಿ ಮುಳುಗಿದ್ದನ್ನು ಯಾರಿಂದ ಮುಚ್ಚಿಡಲು ಸಾಧ್ಯ? 1997ರಲ್ಲಿ ಆ ಹೆಸರಿನ ಚಿತ್ರ ಬಂದಾಗ ಅದರ ಟ್ರೇಲರ್ 4 ನಿಮಿಷಕ್ಕೂ ಮಿಕ್ಕಿತ್ತು. ಅಮೆರಿಕದ ಚಿತ್ರಮಂದಿರಗಳಲ್ಲಿ ರೂಢಿಯಲ್ಲಿದ್ದ ಎರಡೂವರೆ ನಿಮಿಷವನ್ನು ಎಲ್ಲೋ ದಾಟಿತ್ತು. ಹಡಗು ಮುಳುಗುವುದನ್ನು ಅದು ಧಾರಾಳವಾಗಿಯೇ ತೋರಿಸಿತು. ಬಚ್ಚಿಟ್ಟದ್ದು ಹಡಗಿನಲ್ಲಿ ಪ್ರೀತಿಸುವ ಜೋಡಿಯಲ್ಲಿ ಹುಡುಗನ ಗತಿಯೊಂದನ್ನು. ಲೋಕಕ್ಕೆ ಏನಾಯಿತು ಎಂಬ ಪ್ರಶ್ನೆ ಪಕ್ಕಕ್ಕೆ ಸರಿದು, ಈ ಇಬ್ಬರಿಗೆ ಏನಾಯಿತು ಎಂಬ ಪ್ರಶ್ನೆ ಮುಂದೆ ಬಂತು. ಇಂಥ ಚಿತ್ರದ ಕುತೂಹಲವೆಲ್ಲ ನಿಂತಿರುವುದು ಅಲ್ಲಿ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಒಂದು ವಾಕ್ಯದಿಂದ. 'ಆ ಕಾಗದ ಅವಳ ಕೈ ಸೇರಿತೇ?' ಎಂಬಂಥ ಒಂದೇ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಂಡು, ಪ್ರತಿ ಶಾಟನ್ನೂ ಅದರ ಮುಂದೆ ನಿಲ್ಲಿಸಿ ನೋಡಬೇಕು. ಪ್ರಶ್ನೆಯನ್ನು ಬೆಳೆಸುವ ಅಥವಾ ಉತ್ತರವನ್ನು ತಡಮಾಡುವ ಶಾಟ್ ಉಳಿಯಲಿ. ಉತ್ತರ ಹೇಳಿಬಿಡುವ ಶಾಟ್ ಎಷ್ಟೇ ಚೆಂದವಿದ್ದರೂ, ಅದಕ್ಕೆ ಎಷ್ಟೇ ಖರ್ಚಾಗಿದ್ದರೂ ಹೊರಗಿರಲಿ. ನಿರ್ಮಾಪಕರ ಜೊತೆ ಜಗಳವಾಗುವುದು ಬಹುಪಾಲು ಈ ಹಂತದಲ್ಲೇ. ದುಬಾರಿ ಸೆಟ್ಟು, ಮದುವೆ ಮಂಟಪ, ಮಳೆಯಲ್ಲಿನ ಅಪ್ಪುಗೆ ಎಲ್ಲವೂ ಟ್ರೇಲರ್‌ನಲ್ಲಿ ಬರಲೇಬೇಕು ಎನ್ನುತ್ತಾರೆ.

ಶಾಟ್‌ಗಳನ್ನು ಮುಟ್ಟುವ ಮೊದಲು ಮಾತುಗಳನ್ನು ಆರಿಸುವುದು ಒಳ್ಳೆಯದು. ಇಡೀ ಚಿತ್ರದ ಸಂಭಾಷಣೆಯಿಂದ ತೂಕದ ಸಾಲುಗಳನ್ನು ಬಿಡಿಸಿ ಸಾಲಾಗಿ ಜೋಡಿಸಿದರೆ ಇಪ್ಪತ್ತು ನಿಮಿಷದಷ್ಟಾದರೂ ಆಗುತ್ತದೆ. ಅದನ್ನು ಎಂಟು ಹತ್ತು ಸಾಲಿಗೆ ಇಳಿಸುವಾಗ ಪ್ರಶ್ನೆಗಳನ್ನು ಇಟ್ಟುಕೊಂಡು ಉತ್ತರಗಳನ್ನು ಬಿಡಬೇಕು. ಅವನು 'ಬರ್ತೀಯಲ್ಲ?' ಅನ್ನುತ್ತಾನೆ, ಉತ್ತರದ ಜಾಗದಲ್ಲಿ ಅವಳ ಮೌನದ ಮುಖ. ಆ ಮುಖವನ್ನು ಅದೇ ದೃಶ್ಯದಿಂದ ತೆಗೆದುಕೊಳ್ಳಬೇಕೆಂದೇನೂ ಇಲ್ಲ. ಒಂದೇ ನಿರ್ವಿಕಾರ ಮುಖದ ಪಕ್ಕದಲ್ಲಿ ಸೂಪಿನ ತಟ್ಟೆ, ಶವಪೆಟ್ಟಿಗೆ, ಹೆಂಗಸಿನ ಚಿತ್ರಗಳನ್ನು ಬೇರೆ ಬೇರೆಯಾಗಿ ಇಟ್ಟು, ನೋಡುಗರು ಆ ಮುಖದಲ್ಲಿ ಹಸಿವು, ದುಃಖ, ಆಸೆಗಳನ್ನು ತಾವೇ ಕಾಣುತ್ತಾರೆಂದು ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಷೊವ್ ಒಂದು ಶತಮಾನದ ಹಿಂದೆಯೇ ತೋರಿಸಿದ್ದರು. ಟ್ರೇಲರ್ ಬದುಕಿರುವುದೇ ಈ ಗುಣದ ಮೇಲೆ.

ಸ್ಪರ್ಶದ ವಿಷಯದಲ್ಲೂ ಹೀಗೆಯೇ. ಕೈಯತ್ತ ಕೈ ಚಾಚಿದಾಗ ಬೆರಳು ತಾಗುವ ನಾಲ್ಕಾರು ಫ್ರೇಮ್ (ಚಿತ್ರದ ಓಟದಲ್ಲಿನ ಬಿಡಿ ಚಿತ್ರ) ಮೊದಲೇ ಕತ್ತರಿಸಬೇಕು. ತಾಗಿದ ಮೇಲೆ ಕುತೂಹಲ ಮುಗಿಯಿತು. ನೋಟವನ್ನು ಮೊದಲು ತೋರಿಸಿ, ಯಾರನ್ನು ನೋಡುತ್ತಿದ್ದಾರೆ ಎಂಬುದನ್ನು ಆದಷ್ಟು ತಡವಾಗಿ ಬಿಟ್ಟುಕೊಡಬೇಕು.

ಇನ್ನು ಲಯ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಅಂದರೆ ನಿಮಿಷಕ್ಕೆ 1440. ಅದನ್ನು ಸಂಗೀತದ ಬಿಪಿಎಂನಿಂದ, ಅಂದರೆ ನಿಮಿಷಕ್ಕೆ ಬೀಳುವ ತಾಳದ ಬಡಿತಗಳ (ಬೀಟ್) ಸಂಖ್ಯೆಯಿಂದ, ಭಾಗಿಸಿದರೆ ಒಂದು ಬೀಟಿಗೆ ಎಷ್ಟು ಫ್ರೇಮ್ ಎಂಬುದು ಸಿಗುತ್ತದೆ: 60ಕ್ಕೆ 24, 72ಕ್ಕೆ 20, 120ಕ್ಕೆ 12. ಹೊಡೆದಾಟದ ಟ್ರೇಲರ್ 120ರಲ್ಲಿ ಬೀಟಿಗೊಂದು ಕಟ್, ಕೊನೆಗೆ ಅರ್ಧ ಬೀಟಿಗೊಂದು ಕಟ್ ಮಾಡಿ ಗೆಲ್ಲುತ್ತದೆ. ಆರು ಫ್ರೇಮಿನಲ್ಲಿ ಒಂದು ಗುದ್ದು ಅರ್ಥವಾಗುತ್ತದೆ. ಕಣ್ಣು ತುಂಬಿ ಬರುವುದು ಅರ್ಥವಾಗುವುದಿಲ್ಲ. ಅದಕ್ಕೆ ಎರಡು ಮೂರು ಸೆಕೆಂಡ್, ಅಂದರೆ 48ರಿಂದ 72 ಫ್ರೇಮ್ ಬೇಕೇ ಬೇಕು. ಹಾಗಾಗಿ ಕೊನೆಯ ಮೂವತ್ತು ಸೆಕೆಂಡಿನಲ್ಲಿ ವೇಗ ಏರಿಸಿದರೂ ನಡುವೆ ಒಂದು ಮುಖವನ್ನು ಬೀಟುಗಳನ್ನು ದಾಟಿ ಅಷ್ಟು ಹೊತ್ತು ನಿಲ್ಲಲು ಬಿಡಬೇಕು. ಎಲ್ಲ ಕಟ್ಟೂ ಬೀಟಿನ ಮೇಲೇ ಬಿದ್ದರೆ ಮುಂದಿನದು ಯಾವಾಗ ಬರುತ್ತದೆಂದು ನೋಡುವವರ ಮೈಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಕಾಯಲು ಏನೂ ಉಳಿಯುವುದಿಲ್ಲ.

ಶಬ್ದದಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. ಶೀರ್ಷಿಕೆಗೆ ಮುಂಚೆ ಎಲ್ಲ ಸದ್ದನ್ನೂ ಒಂದು ಒಂದೂವರೆ ಸೆಕೆಂಡ್ ಕೆಳಗಿಳಿಸುವುದು ಹಳೆಯ ತಂತ್ರ, ಈಗಲೂ ಕೆಲಸ ಮಾಡುತ್ತದೆ. ಆದರೆ ಒಂದು ಟ್ರೇಲರ್‌ನಲ್ಲಿ ಒಮ್ಮೆ ಮಾತ್ರ. ಪೂರ್ತಿ ಸೊನ್ನೆ ಮಾಡಿದರೆ ಮೊಬೈಲಿನಲ್ಲಿ ನೋಡುವವರು ಆಡಿಯೋ ಹೋಯಿತೆಂದುಕೊಳ್ಳುತ್ತಾರೆ. ಆದ್ದರಿಂದ ಕಾಗದ ಮಡಚುವ ಸದ್ದೋ, ಗೆಜ್ಜೆಯ ಒಂದು ಸಣ್ಣ ಘಲ್ ಎಂಬುದೋ ಉಳಿದಿರಬೇಕು. ಮೊದಲಿನಿಂದ ಕೊನೆವರೆಗೆ ಒಂದೇ ಮಟ್ಟದಲ್ಲಿ ಅಬ್ಬರಿಸುವ ಮಿಕ್ಸ್‌ನಿಂದ ಲಾಭವೂ ಇಲ್ಲ. ಯೂಟ್ಯೂಬ್, ಸದ್ದಿನ ಜೋರನ್ನು ಅಳೆಯುವ ಮಾನದಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಾಗಿದ್ದುದನ್ನು ತಾನೇ ತಗ್ಗಿಸುತ್ತದೆ. ಅಬ್ಬರ ತಗ್ಗುತ್ತದೆ, ಪಿಸುಮಾತಿಗೂ ಕೂಗಿಗೂ ಇರಬೇಕಾದ ಅಂತರ ಮಾತ್ರ ಮರಳಿ ಬರುವುದಿಲ್ಲ. ಹಿಂದೆ ರೇಡಿಯೊದ ವಿವಿಧ ಭಾರತಿಯಲ್ಲಿ ಪ್ರಾಯೋಜಿತ ಕಾರ್ಯಕ್ರಮಗಳಾಗಿ ಬರುತ್ತಿದ್ದ ಚಿತ್ರಗಳ ಪ್ರಚಾರ, ದೃಶ್ಯವೇ ಇಲ್ಲದೆ ಬರೀ ಮಾತು, ಹಾಡು ಮತ್ತು ಸರಿಯಾದ ಜಾಗದಲ್ಲಿ ನಿಲ್ಲಿಸಿದ ಒಂದು ಸಂಭಾಷಣೆಯಿಂದ ಜನರನ್ನು ಟಾಕೀಸಿಗೆ ಕರೆತರುತ್ತಿತ್ತು. ಇಂದಿನ ಮಿಕ್ಸಿಂಗ್ ಕೋಣೆಗಳಲ್ಲಿ ಅದನ್ನು ನೆನೆಯಬೇಕು.

ಹಳೆಯ ಜನಪ್ರಿಯ ಗೀತೆಯನ್ನು ನಿಧಾನಗೊಳಿಸಿ, ಪಿಯಾನೋ ಜೊತೆ ಒಂಟಿ ಹೆಣ್ಣುದನಿಯಲ್ಲಿ ಹಾಡಿಸುವುದು ಈಗಿನ ರೂಢಿ. ಕಾಲವನ್ನು ಕ್ಷಣದಲ್ಲಿ ಕಣ್ಮುಂದೆ ತರುತ್ತದೆ, ನಿಜ. ಆದರೆ ಹೊಸದಾಗಿ ಹಾಡಿಸಿದರೆ ಹಳೆಯ ಧ್ವನಿಮುದ್ರಣದ ಹಕ್ಕು ಬೇಡವಾಗುತ್ತದೆಯೇ ಹೊರತು ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕಿಗೆ ಅನುಮತಿ ಬೇಕೇ ಬೇಕು. ಇದನ್ನು ಮರೆತ ಟ್ರೇಲರನ್ನು ಬಿಡುಗಡೆಯಾದ ಮೇಲೆ ಇಳಿಸಬೇಕಾಗುತ್ತದೆ.

ಕಾಲದ ವಿವರಗಳಿಗೆ ಬರೋಣ. ಚಿತ್ರಮಂದಿರದಲ್ಲಿ ಓಡಿಹೋಗುವ ಶಾಟನ್ನು ಫೋನಿನಲ್ಲಿ ನಿಲ್ಲಿಸಿ, ಹಿಗ್ಗಿಸಿ ನೋಡುತ್ತಾರೆ. 1965ರ ಕಥೆಯಲ್ಲಿ ಪ್ರಿಯಕರನ ಕಾಗದದ ಮೇಲೆ ಪಿನ್ ಕೋಡ್ ಇದ್ದರೆ ಮುಗಿಯಿತು. ಅದು ಬಂದದ್ದು 1972ರ ಆಗಸ್ಟ್ 15ಕ್ಕೆ. 1973ರ ನವೆಂಬರ್‌ಗೂ ಮೊದಲಿನ ಸರ್ಕಾರಿ ಫಲಕದಲ್ಲಿ 'ಮೈಸೂರು ರಾಜ್ಯ' ಇರಬೇಕು, 'ಕರ್ನಾಟಕ' ಅಲ್ಲ. ಎಪ್ಪತ್ತರ ದಶಕದ ಕಾರಿಗೆ ಕೆಎ ನಂಬರು ಕೂಡದು, 2010ರಲ್ಲಿ ಬಂದ ರೂಪಾಯಿ ಚಿಹ್ನೆ ಅಂಗಡಿಯ ಬೋರ್ಡಿನಲ್ಲಿ ಕೂಡದು. ಒಂದು ತಪ್ಪು ಕಂಡರೆ ಚರ್ಚೆಯೆಲ್ಲ ಅದರದ್ದೇ ಆಗಿ, ಭಾವನೆ ಹಿಂದುಳಿಯುತ್ತದೆ. ಇಡೀ ಟ್ರೇಲರ್‌ಗೆ ಕಂದು ಬಣ್ಣ ಬಳಿಯುವುದೂ ಅಷ್ಟೇ ಕೆಟ್ಟದ್ದು. ಎರಡು ಕಾಲಘಟ್ಟಗಳ ಕಥೆಯಾದರೆ ಬಣ್ಣವೇ ಅವೆರಡನ್ನೂ ಬೇರ್ಪಡಿಸಬೇಕು. ಎಲ್ಲವೂ ಕಂದಾದರೆ ಯಾವುದು ನೆನಪು, ಯಾವುದು ಈಗಿನದು ಎಂಬುದೇ ತಿಳಿಯುವುದಿಲ್ಲ.

ಕಥೆ ಸೋರುವುದು ಹೆಚ್ಚಾಗಿ ಮಾತಿನಿಂದಲ್ಲ, ಉಡುಗೆಯಿಂದ. ಕತ್ತಿನಲ್ಲಿ ತಾಳಿ, ಬೋಳು ಹಣೆ, ಗೋಡೆಯ ಫೋಟೊಗೆ ಹಾರ, ನರೆತ ಕೂದಲು: ಅರ್ಧ ಸೆಕೆಂಡ್ ಕಂಡರೂ ನಮ್ಮ ಜನ ಪೂರ್ತಿ ಕಥೆ ಜೋಡಿಸಿಬಿಡುತ್ತಾರೆ. ಮುದುಕನಾದ ನಾಯಕನನ್ನು ತೋರಿಸಿ, ಮುಂದಿನ ಶಾಟ್‌ನಲ್ಲೇ ಅವನನ್ನು ಯುದ್ಧಕ್ಕೆ ಕಳಿಸಿದರೆ ಅವನು ಉಳಿಯುವನೋ ಇಲ್ಲವೋ ಎಂದು ಯಾರು ತಲೆಕೆಡಿಸಿಕೊಳ್ಳುತ್ತಾರೆ? ಕೊನೆಯ ಅರ್ಧ ಗಂಟೆಯ ದೃಶ್ಯಗಳನ್ನು ಮುಟ್ಟದಿರುವುದೇ ಕ್ಷೇಮ. ಮುಟ್ಟಲೇಬೇಕಾದರೆ ಮುಖದ ಕ್ಲೋಸಪ್ ಮಾತ್ರ; ಹಣೆ, ಕೂದಲು, ಕತ್ತು ಕಾಣುವುದು ಬೇಡ.

ಐದು ಭಾಷೆಗೆ ಒಂದೇ ಎಡಿಟ್ ಬಳಸುವಾಗ ಸೊರಗುವುದು ಕನ್ನಡ. ಬೇರೆ ಭಾಷೆಯ ಅಳತೆಗೆ ಕಟ್ ಮಾಡಿದ ಜಾಗದಲ್ಲಿ ನಮ್ಮ ವಾಕ್ಯದ ಕ್ರಿಯಾಪದ ಹಿಡಿಸುವುದಿಲ್ಲ, ಡಬ್ಬಿಂಗ್ ಕಲಾವಿದರು ಓಡುತ್ತಾ ಹೇಳುತ್ತಾರೆ, ವಿರಹದ ಮಾತು ವರದಿಯಂತೆ ಕೇಳುತ್ತದೆ. ಮುಖ್ಯ ಸಾಲುಗಳನ್ನು ತುಟಿ ಕಾಣದ ಶಾಟ್‌ಗಳ ಮೇಲೆ ಹಾಸಿ, ಆಚೀಚೆ ಎಂಟು ಹತ್ತು ಫ್ರೇಮ್ ಜಾಗ ಬಿಟ್ಟರೆ ಸಾಕು. ಪರದೆ ಮೇಲಿನ ಬರಹಕ್ಕೂ ಕನ್ನಡ ಓದುವವರೊಬ್ಬರ ಕಣ್ಣು ಬೇಕು; ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಯ ಆಯ್ಕೆ ಹಾಕದಿದ್ದರೆ ಒತ್ತಕ್ಷರಗಳು ಒಡೆದು ಬೀಳುತ್ತವೆ.

ತಮ್ಮಲ್ಲಿ ಒಂದು ವಿನಂತಿ. ಟ್ರೇಲರ್ ಕತ್ತರಿಸಿದವರು ಎಷ್ಟೋ ಸಲ ಚಿತ್ರದ ಸಂಕಲನಕಾರರಲ್ಲ, ಅವರ ಹೆಸರು ಎಲ್ಲಿಯೂ ಬರುವುದಿಲ್ಲ. ಮುಂದಿನ ಬಾರಿ ವೀಕ್ಷಣೆಯ ಲೆಕ್ಕದ ಜೊತೆ ಆ ಹೆಸರನ್ನೂ, ಅವರು ಯಾವ ಪ್ರಶ್ನೆಯನ್ನು ಉತ್ತರಿಸದೆ ಬಿಟ್ಟಿದ್ದಾರೆ ಎಂಬುದನ್ನೂ ಎರಡು ಸಾಲಿನಲ್ಲಿ ಬರೆಯಿರಿ.

ಇಂತಿ,
ಕೆಲವು ಚಲನಚಿತ್ರ ಸಂಕಲನಕಾರರು, ಬೆಂಗಳೂರು