ಅಮ್ಮನನ್ನು ಕಾಣದೆ ಒತ್ತಿದ ಮೊಹರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಸಹಿದಾರರನ್ನು ನೋಡದೆಯೇ ನೋಟರಿ ಮಾಡಿಸಿಕೊಟ್ಟ ಅಫಿಡವಿಟ್

ಮಾನ್ಯರೇ,

ನನ್ನ ತಾಯಿಯ ಹೆಸರು ಜಾಗದ ದಾಖಲೆಯಲ್ಲಿ ‘ಶಂಕರಿ ಅಮ್ಮ’, ಆಧಾರ್ ಕಾರ್ಡಿನಲ್ಲಿ ಬರೇ ‘ಶಂಕರಿ’. ಕಾಸರಗೋಡಿನಲ್ಲಿ ಇದು ಹೊಸತೇನಲ್ಲ. ಕನ್ನಡದ ಹೆಸರು ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ದಾಟುವಾಗ ಏನಾದರೊಂದು ಉದುರುತ್ತದೆ, ಇಲ್ಲವೇ ಅಂಟಿಕೊಳ್ಳುತ್ತದೆ. ಎರಡೂ ಒಬ್ಬರದೇ ಹೆಸರು ಎಂಬ ಅಫಿಡವಿಟ್‌ಗಾಗಿ ನಿಮ್ಮ ಮನೆಬಾಗಿಲ ನೋಟರಿ ಸೇವೆಗೆ 1,200 ರೂಪಾಯಿ ಕಟ್ಟಿದೆ.

ಬಂದವರು ನೋಟರಿಯಲ್ಲ, ನಿಮ್ಮ ಏಜೆಂಟ್. 5ನೇ ತಾರೀಕು ಬದಿಯಡ್ಕದ ನಮ್ಮ ಮನೆಯ ಜಗಲಿಯಲ್ಲಿ ಅಮ್ಮನಿಂದ ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಆಧಾರ್ ಕಾರ್ಡಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಕೊಟ್ಟ ಮಜ್ಜಿಗೆ ಕುಡಿದು ಹೋದರು. ಸಹಿ ಈಗಲೇ ಏಕೆಂದು ಕೇಳದೆ ಹೋದದ್ದು ನನ್ನದೂ ತಪ್ಪು. ಅಂಚೆಯಲ್ಲಿ ಬಂದ ಪ್ರತಿಯಲ್ಲಿ 9ನೇ ತಾರೀಕಿನ ದುಂಡು ಮೊಹರು. ಕೆಳಗೆ, ‘ನನ್ನ ಸಮಕ್ಷಮ ಸಹಿ ಮಾಡಿದ್ದಾರೆ, ಮಲಯಾಳದಲ್ಲಿ ಓದಿ ಹೇಳಲಾಗಿದೆ’ ಎಂಬ ಒಕ್ಕಣೆ. 9ರಂದು ಅಮ್ಮ ಮಂಗಳೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಆಸ್ಪತ್ರೆಯ ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ. ಮಲಯಾಳವಂತೂ ಅವರಿಗೆ ಬಸ್ಸಿನ ಬೋರ್ಡು ಓದುವಷ್ಟೂ ಬಾರದು.

ನೋಟರಿಗೆ ನಾವು ಹಣ ಕೊಡುವುದೇ ನೋಡುವುದಕ್ಕೆ. ಸಹಿದಾರರು ಎದುರಿಗೆ ಬರಬೇಕು. ಮೂಲ ಗುರುತುಚೀಟಿಯ ಫೋಟೊವನ್ನು ಮುಖದೊಂದಿಗೆ ತಾಳೆ ನೋಡಬೇಕು. ಸಂಶಯವಿದ್ದರೆ ತಮಗೆ ಪರಿಚಯವಿರುವ ವಕೀಲರಿಂದಲೋ ಸಾಕ್ಷಿಯಿಂದಲೋ ಗುರುತು ಹೇಳಿಸಬೇಕು. ಬರೆದದ್ದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಕಣ್ಣೆದುರೇ ಸಹಿ ಹಾಕಿಸಬೇಕು. 1956ರ ನೋಟರಿ ನಿಯಮಗಳಂತೆ ಇಡಬೇಕಾದ ರಿಜಿಸ್ಟರಿನಲ್ಲಿ ಸಹಿದಾರರ ಸಹಿಗೂ ಒಂದು ಅಂಕಣವಿದೆ. ನನ್ನ ತಾಯಿಯ ಸಾಲಿನಲ್ಲಿ ಅದು ಖಾಲಿ ಇದೆಯೇ? ತುಂಬಿದ್ದರೆ, ತುಂಬಿದವರು ಯಾರು?

ಹೆಸರು ಎರಡಾದರೂ ವ್ಯಕ್ತಿ ಒಬ್ಬರೇ ಎಂದು ಸಾರುವ ಕಾಗದಕ್ಕೆ, ಆ ಒಬ್ಬರನ್ನೂ ಕಾಣದೆ ಮೊಹರು ಬಿದ್ದಿದೆ. ನಾಳೆ ಜಾಗದ ತಕರಾರು ಬಂದರೆ ಇದೇ ಕಾಗದ ನಮ್ಮನ್ನು ಸುಳ್ಳರನ್ನಾಗಿ ನಿಲ್ಲಿಸುತ್ತದೆ. ನಿಮ್ಮ ಸಹಾಯವಾಣಿಯವರು ‘ಎಲ್ಲರಿಗೂ ಹೀಗೆಯೇ ಮಾಡಿಕೊಡುವುದು’ ಎಂದರು. ಅದು ಸಮಾಧಾನವೋ ತಪ್ಪೊಪ್ಪಿಗೆಯೋ ತಿಳಿಯಲಿಲ್ಲ.

ಈ ಅಫಿಡವಿಟ್ ಅನ್ನು ನಾನು ಎಲ್ಲಿಯೂ ಹಾಜರುಪಡಿಸುವುದಿಲ್ಲ. ನನ್ನ ಹಣ ಹಿಂದಿರುಗಿಸಿ. ರಿಜಿಸ್ಟರಿನ ಕ್ರಮಸಂಖ್ಯೆಯನ್ನು ಲಿಖಿತವಾಗಿ ತಿಳಿಸಿ. ಏಜೆಂಟರ ಮೊಬೈಲಿನಲ್ಲಿರುವ ಆಧಾರ್ ಚಿತ್ರವನ್ನು ಅಳಿಸಿ ಖಚಿತಪಡಿಸಿ. 15 ದಿನಗಳೊಳಗೆ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನೋಟರಿಯವರ ಮೇಲಿನ ದೂರು ಅವರನ್ನು ನೇಮಿಸಿದ ಸರಕಾರಕ್ಕೆ ಬೇರೆಯಾಗಿಯೇ ಹೋಗುತ್ತದೆ.

ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿಯಾಗಿದೆ. ಕನ್ನಡ ಬಲ್ಲ ನೋಟರಿಯವರ ಎದುರು ಕುಳಿತು ಸಹಿ ಹಾಕಲು ಯಾವ ದಿನವಾದರೂ ಬರುತ್ತಾರೆ, ಮಂಗಳೂರಿಗೆ ತಪಾಸಣೆಗೆ ಹೋಗಬೇಕಾದ ಮಂಗಳವಾರವೊಂದನ್ನು ಬಿಟ್ಟು.

ಇತಿ,
ನಿಮ್ಮ ಗ್ರಾಹಕ, ಬದಿಯಡ್ಕ